ಮುಕ್ಕಾಲು ಹಾಳೆ ಖಾಲಿ ಇದೆ, ಚಿತ್ರ ಅರ್ಧಕ್ಕೆ ನಿಂತಿದೆಯಾ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ತೋಟದ ಮನೆ. ಮಾವ ಸೈನ್ಯದಲ್ಲಿದ್ದರು. ಅವರ ಹಳೇ ಟ್ರಂಕಿನಲ್ಲಿ ಒಂದು ಚಿತ್ರ ಸಿಕ್ಕಿತು, ಉತ್ತರದ ಕಡೆ ಇದ್ದಾಗ ತಂದದ್ದಂತೆ. ಬರೀ ಕಪ್ಪು ಗೆರೆ. ಎಚಿಂಗ್ ಅಂತ ಗೊತ್ತಿದ್ದವರೊಬ್ಬರು ಹೇಳಿದರು. ಎಡಗಡೆ ಕೆಳಗೆ ಐದಾರು ಮರ, ಒಂದು ಕಾಲುದಾರಿ, ಹಿಂದೆ ಬೆಟ್ಟದ ಒಂದೇ ಗೆರೆ, ಅದೂ ನಡುವೆ ಎಲ್ಲೋ ನಿಂತುಹೋಗಿದೆ. ಮಿಕ್ಕಿದ್ದೆಲ್ಲ ಖಾಲಿ. ಖಾಲಿ ಜಾಗದ ಮೇಲೆ ತೆಳ್ಳಗೆ ಬೂದು ಬಣ್ಣ ಕೂತಿದೆ, ಅಲ್ಲಲ್ಲಿ ಕಂದು ಚುಕ್ಕೆ ಇದೆ. ಕೆಳಗೆ ಪೆನ್ಸಿಲ್‌ನಲ್ಲಿ 7/30, ಪಕ್ಕದಲ್ಲಿ ಓದೋಕಾಗದ ಸಹಿ. ಮನೆಯಲ್ಲಿ ಎಲ್ಲರೂ ಇದು ಅರ್ಧಕ್ಕೆ ಬಿಟ್ಟ ಕೆಲಸ ಅಂತಾರೆ. ಸುತ್ತಲಿನ ಬಿಳಿ ಅಂಚು ಕತ್ತರಿಸಿದರೆ ಚಿತ್ರ ತುಂಬಿಕೊಂಡು ಕಾಣುತ್ತೆ ಅಂತ ಫ್ರೇಮ್ ಅಂಗಡಿಯವರು. ಬ್ರೆಡ್ಡಿನಿಂದ ಉಜ್ಜಿದರೆ ಕೊಳೆ ಹೋಗುತ್ತೆ ಅಂತ ನಾದಿನಿ. ಆಕಾಶಕ್ಕೆ ಸ್ವಲ್ಪ ನೀಲಿ ಹಚ್ಚಿಸೋಣ ಅಂತ ಮಗ. ನನಗೆ ಮಾತ್ರ ಅದನ್ನು ನೋಡ್ತಾ ಕೂತರೆ ಏನೋ ಹಿಡಿಸುತ್ತೆ, ಯಾಕೆ ಅಂತ ಹೇಳೋಕೆ ಬರಲ್ಲ. ಇದು ಪೂರ್ತಿಯಾದ ಚಿತ್ರವಾ? ಇಂಥದ್ದನ್ನು ನೋಡೋದು ಹೇಗೆ? ಈಗ ಏನು ಮಾಡಲಿ?

ಉತ್ತರ: ಮೊದಲು ಆ ಬ್ರೆಡ್ಡನ್ನು ಅಡುಗೆಮನೆಗೆ ವಾಪಸ್ ಕಳಿಸಿ. ಉಳಿದದ್ದು ನಿಧಾನವಾಗಿ ಮಾತಾಡೋಣ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಅಂಟಿಕೊಂಡಿವೆ. ಚಿತ್ರ ಮುಗಿದಿದೆಯೋ ಇಲ್ಲವೋ ಅನ್ನೋದು ಒಂದು, ಹಾಳಾಗ್ತಿದೆಯೋ ಏನೋ ಅನ್ನೋದು ಇನ್ನೊಂದು. ಬೇರೆ ಯಾವ ಥರದ ಚಿತ್ರವಾದರೂ ಇವೆರಡನ್ನೂ ಬೇರೆ ಮಾಡಿ ಉತ್ತರ ಕೊಡಬಹುದಿತ್ತು. ಎಚಿಂಗ್‌ನಲ್ಲಿ ಹಾಗಾಗಲ್ಲ, ಯಾಕೆಂದರೆ ಇಲ್ಲಿ ಖಾಲಿ ಜಾಗ ಅಂದರೆ ಕಾಗದವೇ. ಬಿಳಿ ಬಣ್ಣ ಅಂತ ಯಾರೂ ಹಚ್ಚಿಲ್ಲ. ಆಕಾಶವೂ ಕಾಗದ, ಬೆಳಕೂ ಕಾಗದ, ಎರಡು ಗೆರೆಗಳ ನಡುವಿನ ಬಿಸಿಲೂ ಅದೇ ಕಾಗದ. ಹಾಗಾಗಿ ಕಾಗದಕ್ಕೆ ಏನಾದರೂ ಆದರೆ ಅದು ಆಗೋದು ಚಿತ್ರಕ್ಕೇ.

ಇದು ಹೇಗೆ ಆಗುತ್ತೆ ಅಂತ ಗೊತ್ತಾದರೆ ಅರ್ಧ ಗೊಂದಲ ತಾನಾಗಿ ಹೋಗುತ್ತೆ. ತಾಮ್ರದ ಅಥವಾ ಸತುವಿನ ತಗಡು ತಗೊಳ್ತಾರೆ. ಅದರ ಮೇಲೆ ಮೇಣ, ರಾಳ, ಡಾಂಬರಿನ ಜಾತಿಯ ಬಿಟುಮೆನ್ ಸೇರಿಸಿದ ಒಂದು ತೆಳು ಪದರ ಹಚ್ಚುತ್ತಾರೆ. ಗ್ರೌಂಡ್ ಅಂತ ಕರೀತೀವಿ. ಅದರ ಮೇಲೆ ಸೂಜಿಯಿಂದ ಗೀಚೋದು. ಸೂಜಿ ಲೋಹ ಕೊರೆಯಲ್ಲ, ಬರೀ ಮೇಣ ಸರಿಸುತ್ತೆ. ಅದಕ್ಕೇ ಎಚಿಂಗ್ ಗೆರೆ ಪೆನ್ಸಿಲ್ ಗೆರೆ ಥರ ಹಗುರ, ಎಲ್ಲಿಗೆ ಬೇಕಾದರೂ ಓಡುತ್ತೆ. ಆಮೇಲೆ ತಗಡನ್ನು ಆ್ಯಸಿಡ್‌ನಲ್ಲಿ ಇಳಿಸಬೇಕು. ಮೇಣ ಸರಿದ ಕಡೆ ಮಾತ್ರ ಆ್ಯಸಿಡ್ ಲೋಹ ತಿನ್ನುತ್ತೆ. ಕೊನೆಗೆ ಆ ಗೆರೆಗಳಲ್ಲಿ ಶಾಯಿ ತುಂಬಿ, ಕಾಗದದ ಮೇಲೆ ಒತ್ತಿ ಪ್ರಿಂಟ್ ತೆಗೀತಾರೆ. ಆ್ಯಸಿಡ್‌ನಲ್ಲಿ ಹೆಚ್ಚು ಹೊತ್ತು ಇಟ್ಟರೆ ಗೆರೆ ಆಳ, ಆಳವಾದಷ್ಟು ಶಾಯಿ ಜಾಸ್ತಿ, ಗೆರೆ ಅಷ್ಟು ಕಪ್ಪು.

ಈಗ ನಿಮ್ಮ ಚಿತ್ರದ ಬೆಟ್ಟದ ಗೆರೆ ನೋಡಿ. ಮರಗಳ ಗೆರೆಗಿಂತ ತೆಳ್ಳಗಿದೆ ಅಲ್ವಾ? ಕಲಾವಿದ ಅಲ್ಲಿ ಕೈ ಹಗುರ ಮಾಡಿದ ಅಂತ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ನಡೆಯೋದು ಹೀಗೆ: ತಗಡನ್ನು ಸ್ವಲ್ಪ ಹೊತ್ತು ಆ್ಯಸಿಡ್‌ನಲ್ಲಿಟ್ಟು ಹೊರಗೆ ತೆಗೀತಾರೆ, ಬೆಟ್ಟದ ಮೇಲೆ ವಾರ್ನಿಷ್ ಹಚ್ಚಿ ಅಲ್ಲಿಗೆ ಆ್ಯಸಿಡ್ ತಾಗದ ಹಾಗೆ ಮುಚ್ಚುತ್ತಾರೆ, ಮರಗಳಿಗೆ ಮಾತ್ರ ಮತ್ತೆ ಮುಳುಗಿಸುತ್ತಾರೆ. ನನ್ನ ಕೆಲಸದಲ್ಲಿ ದೂರದ ಬೆಟ್ಟಕ್ಕೆ ಐದಾರು ನಿಮಿಷ, ಹತ್ತಿರದ ಮರದ ಬುಡಕ್ಕೆ ಮುಕ್ಕಾಲು ಗಂಟೆ ಆಗೋದುಂಟು. ನಿಮ್ಮ ಮನೆಯಿಂದ ಎದುರು ಬೆಟ್ಟ ಎಷ್ಟು ದೂರ ಅಂದರೆ ನೀವು ಮೈಲಿ ಲೆಕ್ಕ ಹೇಳ್ತೀರಿ, ನಾವು ನಿಮಿಷದ ಲೆಕ್ಕ ಹೇಳ್ತೀವಿ.

ಆ ಲೆಕ್ಕದಲ್ಲಿ ಖಾಲಿ ಜಾಗಕ್ಕೆ ಸೊನ್ನೆ ನಿಮಿಷ. ಹಾಗಾದರೆ ಅಲ್ಲಿ ಕೆಲಸವೇ ಇಲ್ಲ ಅಂತ ಅರ್ಥವಾ? ಇಲ್ಲಿಂದಲೇ ತಪ್ಪು ತಿಳುವಳಿಕೆ ಶುರುವಾಗೋದು.

ತಗಡಿನ ಮೇಲೆ ಖಾಲಿ ಜಾಗವನ್ನು ಖಾಲಿಯಾಗೇ ಉಳಿಸಿಕೊಳ್ಳೋದು ಗೆರೆ ಎಳೆಯೋದಕ್ಕಿಂತ ಕಷ್ಟ. ಗ್ರೌಂಡ್ ಸರಿಯಾಗಿ ಕೂರದಿದ್ದರೆ ಆ್ಯಸಿಡ್ ಅದರೊಳಗೆ ನುಸುಳಿ ಆಕಾಶದಲ್ಲಿ ಸಣ್ಣ ಸಣ್ಣ ಗುಳಿ ತೋಡುತ್ತೆ, ಪ್ರಿಂಟ್ ತೆಗೆದಾಗ ಆಕಾಶಕ್ಕೆ ಸಿಡುಬು ಎದ್ದ ಹಾಗೆ ಕಾಣುತ್ತೆ. ತಗಡಿನ ಮೇಲೆ ಉಗುರು ಗೀಚಿದರೂ ಸಾಕು, ಅದು ಶಾಯಿ ಹಿಡ್ಕೊಳ್ಳುತ್ತೆ. ಕಲಿಯುವ ದಿನಗಳಲ್ಲಿ ನಾನು ತಡಿಯಂಡಮೋಳ್ ಕಡೆಯ ಒಂದು ದೃಶ್ಯ ಮಾಡಿದ್ದೆ. ಬೆಟ್ಟ, ಹುಲ್ಲು, ಒಂದು ಶೋಲಾ ಕಾಡಿನ ಅಂಚು. ಮೇಲೆಲ್ಲ ಖಾಲಿ. ಚೆನ್ನಾಗೇ ಇತ್ತು. ಆದರೆ ನನಗೆ ಭಯ. ನೋಡಿದವರು ಸೋಮಾರಿ ಅಂದುಬಿಟ್ಟರೆ? ರಾತ್ರಿ ಕೂತು ಮೋಡ ಹಾಕಿದೆ. ಹಾಕೋಕೆ ಇಪ್ಪತ್ತು ನಿಮಿಷ ಆಯಿತು. ಬೆಳಿಗ್ಗೆ ಪ್ರಿಂಟ್ ತೆಗೆದರೆ ಬೆಟ್ಟದ ಮೇಲೆ ಯಾರೋ ಒಗೆದ ಕಂಬಳಿ ಒಣಹಾಕಿದ ಹಾಗಿತ್ತು. ಅದನ್ನು ತೆಗೆಯೋಕೆ ಮೂರು ದಿನ ಹಿಡಿಯಿತು. ಮೊದಲು ಸ್ಕ್ರೇಪರ್‌ನಿಂದ ತಾಮ್ರ ಹೆರೆಯಬೇಕು, ಆಮೇಲೆ ಬರ್ನಿಷರ್‌ಗೆ ಒಂದು ತೊಟ್ಟು ಎಣ್ಣೆ ಹಾಕಿ ಉಜ್ಜಿ ಉಜ್ಜಿ ನುಣುಪು ಮಾಡಬೇಕು, ಹೆರೆದ ಕಡೆ ತಗ್ಗು ಬಿದ್ದಿರುತ್ತಲ್ಲ, ಹಿಂದಿನಿಂದ ಹಗುರವಾಗಿ ತಟ್ಟಿ ಅದನ್ನು ಸಮ ಮಾಡಬೇಕು. ಇಷ್ಟಾದರೂ ಆ ಪ್ರಿಂಟನ್ನು ಓರೆಯಾಗಿ ಹಿಡಿದರೆ ಇವತ್ತಿಗೂ ಮೋಡದ ನೆರಳು ಇದೆ. ಅವತ್ತಿನಿಂದ ಯಾರದ್ದಾದರೂ ಎಚಿಂಗ್‌ನಲ್ಲಿ ದೊಡ್ಡ ಖಾಲಿ ಜಾಗ ಕಂಡರೆ ಮೊದಲು ಅನ್ನಿಸೋದು, ಇವರಿಗೆ ಧೈರ್ಯ ಇತ್ತು ಅಂತ.

ಇನ್ನು 7/30. ಒಟ್ಟು ಮೂವತ್ತು ಪ್ರಿಂಟ್, ಇದು ಏಳನೇ ನಂಬರಿನದು ಅಂತ ಅರ್ಥ. ಕಲಾವಿದರು ಎಡಿಷನ್ ನಂಬರ್ ಹಾಕಿ ಸಹಿ ಮಾಡೋದು ಕೆಲಸ ಮುಗಿಯಿತು ಅಂತ ತೀರ್ಮಾನಿಸಿದ ಮೇಲೆ. ನಡುವೆ ಪರೀಕ್ಷೆಗೆ ತೆಗೆಯುವ ಪ್ರಿಂಟ್‌ಗಳಿಗೆ ಹೀಗೆ ನಂಬರ್ ಬೀಳಲ್ಲ. ಮನೆಯವರಿಗೆ ಇದೊಂದೇ ಸಾಕ್ಷಿ ಸಾಕು. ಪ್ರಿಂಟ್ ಅಂದ ಕೂಡಲೇ ಜೆರಾಕ್ಸ್ ಅಂದುಕೊಳ್ಳುವವರೂ ಇದ್ದಾರೆ. ಹಾಗಲ್ಲ, ಒಂದೊಂದಕ್ಕೂ ಹೊಸದಾಗಿ ಶಾಯಿ ತುಂಬಿ, ಒರೆಸಿ, ಕಾಗದ ನೆನೆಸಿ, ಪ್ರೆಸ್ ತಿರುಗಿಸಿ ತೆಗೆಯೋದು. ಏಳನೆಯದು ಇಪ್ಪತ್ತನೆಯದಕ್ಕಿಂತ ಶ್ರೇಷ್ಠ ಅನ್ನೋ ಮಾತನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಡ್ರೈಪಾಯಿಂಟ್ ಆದರೆ, ಅಂದರೆ ಸೂಜಿಯಿಂದ ನೇರವಾಗಿ ಲೋಹವನ್ನೇ ಗೀಚಿದ್ದಾದರೆ, ಗೆರೆಯ ಪಕ್ಕ ಏಳುವ ಲೋಹದ ಮುಳ್ಳು ಪ್ರೆಸ್‌ಗೆ ಸಿಕ್ಕಿ ಬೇಗ ಸವೆಯುತ್ತೆ, ಅಲ್ಲಿ ಮೊದಲ ಪ್ರಿಂಟ್‌ಗಳಿಗೆ ಬೆಲೆ. ಆ್ಯಸಿಡ್ ತಿಂದ ತಾಮ್ರಕ್ಕೆ ಮೂವತ್ತು ಪ್ರಿಂಟ್ ಲೆಕ್ಕವೇ ಅಲ್ಲ.

ನಿಜವಾಗಿ ಅರ್ಧಕ್ಕೆ ನಿಂತ ತಗಡು ಹೇಗಿರುತ್ತೆ ಅಂತ ನೋಡಬೇಕಿದ್ದರೆ ಹದಿನೇಳನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟ್‌ನದ್ದೇ ಒಂದಿದೆ. ಕಲಾವಿದನೊಬ್ಬ ರೂಪದರ್ಶಿಯನ್ನು ನಿಲ್ಲಿಸಿಕೊಂಡು ಚಿತ್ರ ಬರೆಯುತ್ತಿರುವ ದೃಶ್ಯ, 1639ರ ಸುಮಾರಿನದು. ಮೇಲ್ಭಾಗದಲ್ಲಿ ದಟ್ಟ ಕಪ್ಪು, ಪೂರ್ತಿ ಕೆಲಸ. ಕೆಳಭಾಗದಲ್ಲಿ ಬರೀ ಹೊರಗೆರೆ. ಮುಂದೆ ಇಲ್ಲಿ ಏನು ಬರಬೇಕು ಅಂತ ನೀವೇ ಹೇಳಬಹುದು, ಅಷ್ಟು ಸ್ಪಷ್ಟವಾಗಿ ಖಾಲಿ ಕಾಯ್ತಾ ಇದೆ. ಬೇಕೆಂದೇ ಬಿಟ್ಟ ಜಾಗ ಹಾಗೆ ಕಾಯಲ್ಲ. ನಿಮ್ಮ ಬೆಟ್ಟದ ಗೆರೆ ನಿಲ್ಲುವ ಕಡೆ ಲೆನ್ಸ್ ಹಿಡಿದು ನೋಡಿ. ಗೆರೆ ಒಮ್ಮೆಲೇ ಕತ್ತರಿಸಿದ ಹಾಗೆ ನಿಂತಿದೆಯಾ, ಅಥವಾ ಮೊದಲು ತೆಳುವಾಗಿ, ಆಮೇಲೆ ತುಂಡುತುಂಡಾಗಿ, ಕೊನೆಗೆ ಒಂದೆರಡು ಚುಕ್ಕೆಯಾಗಿ ಮುಗಿಯುತ್ತಾ? ಎರಡನೆಯದಾದರೆ ಅಲ್ಲಿ ನಿಲ್ಲಿಸಿದ್ದು ಕೈ ಸೋತು ಅಲ್ಲ.

ಅದೇ ರೆಂಬ್ರಾಂಟ್‌ನ ಎರಡು ಭೂದೃಶ್ಯ ಅಕ್ಕಪಕ್ಕ ಇಟ್ಟು ನೋಡಿ. ಆಮ್ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ ತನ್ನ ವೆಬ್‌ಸೈಟಿನಲ್ಲಿ ಇಂಥವನ್ನು ದೊಡ್ಡದು ಮಾಡಿ ನೋಡೋಕೆ ಬಿಟ್ಟಿದೆ, ಫೋನಿನಲ್ಲೇ ಸಾಕು. ಒಂದು 1643ರ ‘ಮೂರು ಮರಗಳು’. ಅದರ ಆಕಾಶ ಗೆರೆಗಳಿಂದ ಗಿಜಿಗಿಜಿ, ಒಂದು ಕಡೆ ಓರೆಯಾಗಿ ಮಳೆ ಸುರಿದ ಹಾಗೆ ಗೆರೆಗಳು. ಇನ್ನೊಂದು 1651ರದು, ‘ಚಿನ್ನ ತೂಗುವವನ ಹೊಲ’ ಅಂತ ಹೆಸರು ಬಿದ್ದಿದೆ. ಹೆಸರು ತಪ್ಪು, ಅದು ಹಾರ್ಲೆಮ್ ಹತ್ತಿರದ ಬಯಲು, ದೂರದಲ್ಲಿ ಊರಿನ ದೊಡ್ಡ ಚರ್ಚು. ಅಡ್ಡಕ್ಕೆ ಉದ್ದನೆಯ ಚಿತ್ರ, ಮೇಲೆ ಆಕಾಶ ಅನ್ನೋ ಜಾಗದಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ. ಎಂಟು ವರ್ಷದ ಅಂತರ, ಅದೇ ಮನುಷ್ಯ. ಮೊದಲನೆಯದರಲ್ಲಿ ಆಕಾಶದಲ್ಲಿ ಏನೋ ನಡೀತಾ ಇದೆ, ಅದನ್ನು ಬರೆದ. ಎರಡನೆಯದರಲ್ಲಿ ನೆಲ ಎಷ್ಟು ಅಗಲ ಅನ್ನೋದೇ ವಿಷಯ, ಆಕಾಶದಲ್ಲಿ ಏನು ಹಾಕಿದ್ದರೂ ಆ ಅಗಲ ಕುಗ್ಗುತ್ತಿತ್ತು. ನಡುವೆ 1645ರಲ್ಲಿ ಮಾಡಿದ ‘ಸಿಕ್ಸ್‌ನ ಸೇತುವೆ’ ಅಂತ ಒಂದು ಚಿಕ್ಕ ಎಚಿಂಗ್ ಇದೆ. ಸಿಕ್ಸ್ ಅನ್ನೋ ಗೆಳೆಯನ ಮನೆಯಲ್ಲಿ ಊಟದ ಮೇಜಿಗೆ ಸಾಸಿವೆ ಬೇಕಾಯಿತಂತೆ, ಆಳು ಪಕ್ಕದ ಹಳ್ಳಿಗೆ ಹೋಗಿ ಬರುವಷ್ಟರಲ್ಲಿ ರೆಂಬ್ರಾಂಟ್ ಪಂದ್ಯ ಕಟ್ಟಿ ಇದನ್ನು ಮುಗಿಸಿದ ಅಂತ ಒಂದು ಕತೆ ಇದೆ. ಆ ಕತೆ ಅಚ್ಚಾದದ್ದು ಅವನು ಸತ್ತು ಎಂಬತ್ತು ವರ್ಷದ ಮೇಲೆ. ಕತೆ ಹುಟ್ಟಿದ್ದು ಯಾಕೆ ಅಂತ ಮಾತ್ರ ಆ ಚಿತ್ರ ನೋಡಿದರೆ ಗೊತ್ತಾಗುತ್ತೆ, ಗೆರೆ ಅಷ್ಟು ಕಡಿಮೆ, ನೀರಿಗಂತೂ ಹೆಚ್ಚೇನೂ ಇಲ್ಲ, ಆದರೂ ನೀರು ಇದೆ.

ಖಾಲಿ ಜಾಗದ ಮಾತು ಬಂದ ತಕ್ಷಣ ಝೆನ್, ಶೂನ್ಯ ಅಂತ ಶುರು ಮಾಡುವವರಿದ್ದಾರೆ. ಕೊಡಗಿನಲ್ಲಿ ಇದ್ದುಕೊಂಡು ಅಷ್ಟು ದೂರ ಹೋಗಬೇಕಾ? ಬೆಳಿಗ್ಗೆ ಏಳಕ್ಕೆ ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದರೆ ಎದುರು ಬೆಟ್ಟ ಇರಲ್ಲ. ಬೆಟ್ಟ ಹೋಯಿತು ಅಂತ ಯಾರೂ ಗಾಬರಿ ಆಗಲ್ಲ. ಗದ್ದೆ ಆಚೆಯ ಸಿಲ್ವರ್ ಓಕ್ ಸಾಲಿನಲ್ಲಿ ಮೊದಲ ಮೂರು ಮರ ಕಾಣುತ್ತೆ, ನಾಲ್ಕನೆಯದು ಇದ್ದೂ ಇಲ್ಲದ ಹಾಗೆ, ಐದನೆಯದು ಇದೆ ಅಂತ ನಿಮಗೆ ಗೊತ್ತು ಅಷ್ಟೆ. ನಿಮಗೆ ಆ ಚಿತ್ರ ಯಾಕೋ ಹಿಡಿಸುತ್ತೆ ಅಂದಿರಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬಹುದು. ನಿಂತ ಗೆರೆಯನ್ನು ಮುಂದಕ್ಕೆ ಓದಿಕೊಳ್ಳೋದು ನಿಮ್ಮ ಕಣ್ಣಿಗೆ ಹಳೇ ಅಭ್ಯಾಸ.

ಆದರೆ ಒಂದು ಎಚ್ಚರಿಕೆ. ನಮ್ಮ ಕಡೆಯವರು ಖಾಲಿ ಕಂಡಲ್ಲೆಲ್ಲ ಮಂಜು ಅಂದುಬಿಡುತ್ತೇವೆ. ನಿಮ್ಮ ಚಿತ್ರ ಉತ್ತರದ ಕಡೆಯದು. ಅದು ಕಣ್ಣು ಕುಕ್ಕುವ ಬಿಸಿಲಿರಬಹುದು, ಹಿಮ ಇರಬಹುದು, ಏನೂ ಅಲ್ಲದೆ ಬರೀ ದೂರ ಇರಬಹುದು. ಅದಕ್ಕೆ ಉತ್ತರ ಖಾಲಿ ಜಾಗದಲ್ಲಿ ಸಿಗಲ್ಲ, ಅದರ ಪಕ್ಕದ ಗೆರೆಗಳಲ್ಲಿ ಸಿಗುತ್ತೆ. ಮರಗಳ ಒಂದು ಪಕ್ಕ ಗೆರೆ ಒತ್ತೊತ್ತಾಗಿ, ಇನ್ನೊಂದು ಪಕ್ಕ ಬಿಟ್ಟ ಹಾಗಿದ್ದರೆ, ಬುಡದಲ್ಲಿ ನೆರಳು ಗಟ್ಟಿಯಾಗಿದ್ದರೆ, ಅದು ಬಿಸಿಲು. ನೆರಳೇ ಇಲ್ಲದೆ ಮರದ ಬುಡವೂ ಕರಗಿದ ಹಾಗಿದ್ದರೆ ಮಂಜು ಅನ್ನಿ.

ಇನ್ನೊಂದು ಮಾತು. ಎಲ್ಲ ಖಾಲಿಯೂ ಒಳ್ಳೇದಲ್ಲ. ಗಂಭೀರವಾಗಿ ಕಾಣಲಿ ಅಂತ ಸುಮ್ನೆ ಖಾಲಿ ಬಿಟ್ಟ ಕೆಲಸ ಎಷ್ಟೋ ನೋಡಿದ್ದೇನೆ, ಅದರಲ್ಲಿ ಕೆಲವು ನನ್ನವೇ. ಪರೀಕ್ಷೆ ಮಾಡೋಕೆ ಒಂದು ಹಳೇ ಮದುವೆ ಕಾರ್ಡ್ ಸಾಕು. ಚಿತ್ರಕ್ಕೆ ತಾಗಿಸದೆ, ಸ್ವಲ್ಪ ಮೇಲೆ ಹಿಡಿದು, ಖಾಲಿ ಜಾಗದ ಅರ್ಧ ಮುಚ್ಚಿ. ಏನೂ ಬದಲಾಗಲಿಲ್ಲ ಅಂದರೆ ಆ ಅರ್ಧ ಸುಮ್ನೆ ಇತ್ತು. ಮರಗಳು ಇದ್ದಕ್ಕಿದ್ದಂತೆ ದೊಡ್ಡದಾಗಿ ಕ್ಯಾಲೆಂಡರ್ ಚಿತ್ರದ ಮರಗಳಾದರೆ, ಕಾಲುದಾರಿ ಎಲ್ಲಿಗೂ ಹೋಗದೆ ಅಂಗಳದಲ್ಲೇ ಮುಗಿದ ಹಾಗಾದರೆ, ಆ ಖಾಲಿ ಕೆಲಸ ಮಾಡ್ತಾ ಇತ್ತು. ಸ್ವಲ್ಪ ಸ್ವಲ್ಪ ಸರಿಸುತ್ತಾ ಎಲ್ಲಿ ಚಿತ್ರ ಕುಸಿಯುತ್ತೆ ನೋಡಿ. ಕಲಾವಿದರು ತಗಡಿನ ಅಳತೆ ಆರಿಸುವಾಗ ಮಾಡುವುದೂ ಇದನ್ನೇ.

ಬೂದು ಪದರಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನ ಎದೆ ಧಸಕ್ ಅಂದದ್ದು ಇಲ್ಲೇ. ಅದು ಕೊಳೆ ಅಲ್ಲದೇ ಇರುವ ಸಾಧ್ಯತೆ ಜಾಸ್ತಿ.

ಶಾಯಿ ಹಚ್ಚುವಾಗ ತಗಡಿಗೆ ಪೂರ್ತಿ ಬಳಿಯುತ್ತೇವೆ. ಆಮೇಲೆ ಗಂಜಿ ಹಾಕಿದ ಜಾಳು ಬಟ್ಟೆಯನ್ನು ಉಂಡೆ ಮಾಡಿ ಸುತ್ತು ಸುತ್ತಾಗಿ ಒರೆಸೋದು. ಗೆರೆಗಳೊಳಗಿನ ಶಾಯಿ ಉಳೀಬೇಕು, ಮೇಲಿನದು ಹೋಗಬೇಕು. ಕೊನೆಗೆ ಅಂಗೈ ಪಕ್ಕಕ್ಕೆ ಚೂರು ಸೀಮೆಸುಣ್ಣದ ಪುಡಿ ತಾಗಿಸಿಕೊಂಡು ತಗಡಿನ ಮೇಲೆ ಸರ್ ಅಂತ ಎಳೀಬೇಕು. ಪೂರ್ತಿ ಒರೆಸಿದರೆ ಆಕಾಶ ಬೆಳ್ಳಗೆ, ಕಾಗದದ ಬಿಳಿ. ಒಂದು ಕೈ ಕಡಿಮೆ ಒರೆಸಿದರೆ ಕೂದಲೆಳೆಯಷ್ಟೂ ದಪ್ಪ ಇಲ್ಲದ ಶಾಯಿ ಉಳಿದು ಬೂದು ಬೆಳಕು ಬರುತ್ತೆ. ಇದನ್ನು ಪ್ಲೇಟ್ ಟೋನ್ ಅಂತೀವಿ. ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಕಲಾವಿದ ವಿಸ್ಲರ್ ವೆನಿಸ್‌ನ ರಾತ್ರಿ ನೋಟಗಳಿಗೆ ನೀರು, ಕತ್ತಲೆ, ಮುಸುಕು ಎಲ್ಲ ತಂದದ್ದು ಹೆಚ್ಚಾಗಿ ಹೀಗೇ, ಗೆರೆ ಬಹಳ ಕಡಿಮೆ, ಒರೆಸುವ ಕೈಯೇ ಎಲ್ಲ. ನಿಮ್ಮದೂ ಟೋನೇ ಆಗಿದ್ದರೆ, ಆ ಖಾಲಿ ನಿಜಕ್ಕೂ ಖಾಲಿ ಅಲ್ಲ ಅಂತಾಯ್ತು. ಅಲ್ಲಿ ಯಾರದೋ ಅಂಗೈ ಓಡಾಡಿದೆ.

ಕೊಳೆಯೋ ಟೋನೋ ಅಂತ ತಿಳಿಯೋಕೆ ಸುಲಭ ದಾರಿ ಇದೆ. ಚಿತ್ರದ ಸುತ್ತ ಕಾಗದ ಒತ್ತಿ ತಗ್ಗಾದ ಒಂದು ಚೌಕ ಇರುತ್ತೆ, ಪ್ರೆಸ್‌ನಲ್ಲಿ ತಗಡಿನ ಅಂಚು ಒತ್ತಿದ್ದು. ಅದು ಪ್ಲೇಟ್ ಮಾರ್ಕ್. ಬೂದು ಬಣ್ಣ ಸರಿಯಾಗಿ ಆ ಚೌಕಕ್ಕೆ ಬಂದು ನಿಂತಿದೆಯಾ? ಆಚೆ ಬೆಳ್ಳಗಿದೆಯಾ? ಹಾಗಿದ್ದರೆ ಟೋನ್. ಕೊಳೆಗೆ ತಗಡು ಎಲ್ಲಿ ಮುಗಿಯಿತು ಅಂತ ಗೊತ್ತಿರಲ್ಲ, ಅದು ಅಂಚು ದಾಟಿ ಹರಡಿರುತ್ತೆ. ಎರಡೂ ಸೇರಿಕೊಂಡಿರೋದೂ ಉಂಟು.

ಕಂದು ಚುಕ್ಕೆ ಮಾತ್ರ ನಿಜವಾದ ತೊಂದರೆ. ತೇವ, ಬೂಸ್ಟು, ಕಾಗದದೊಳಗಿನ ಸಣ್ಣ ಕಬ್ಬಿಣದ ಕಣ, ಕೀಳು ರಟ್ಟಿನ ಆಮ್ಲ, ಇವುಗಳಲ್ಲಿ ಒಂದೋ ಎರಡೋ ಸೇರಿ ಬರುತ್ತೆ. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಹಾಗೇ ನಿಂತರೆ ಬೂಸ್ಟು ಬೆಳೆಯೋಕೆ ಶುರು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಹಿಡಿಯೋದು ಗೊತ್ತಲ್ಲ. ಗೆರೆಯ ಮೇಲೆ ಬಿದ್ದ ಚುಕ್ಕೆ ಕಾಣಲ್ಲ, ಆಕಾಶದಲ್ಲಿ ಬಿದ್ದದ್ದು ಹಕ್ಕಿ ಥರ ಎದ್ದು ಕಾಣುತ್ತೆ.

ಏನು ಮಾಡಬಹುದು ಅಂದರೆ, ಒಂದು, ಏನೂ ಮಾಡದೆ ಟ್ರಂಕಿಗೆ ವಾಪಸ್ ಹಾಕೋದು. ಖರ್ಚಿಲ್ಲ, ಆದರೆ ಟ್ರಂಕಿನೊಳಗೆ ಗಾಳಿ ಆಡಲ್ಲ, ಚುಕ್ಕೆ ಹೆಚ್ಚುತ್ತೆ, ಸಿಲ್ವರ್‌ಫಿಶ್ ಹುಳಕ್ಕೂ ಅನುಕೂಲ. ನಾನು ಬೇಡ ಅಂತೀನಿ.

ಅಂಚು ಕತ್ತರಿಸೋದು. ದಯವಿಟ್ಟು ಬೇಡ. ಕತ್ತರಿ ಪ್ಲೇಟ್ ಮಾರ್ಕ್‌ಗೆ ತಾಗಿದರೆ ಇದು ಎಚಿಂಗ್ ಅನ್ನೋದಕ್ಕೆ ಸಾಕ್ಷಿ ಹೋಯಿತು, ಸಹಿ ಮತ್ತು ನಂಬರ್ ಕಸದ ಬುಟ್ಟಿಗೆ ಹೋಯಿತು. ಹಿಂದೆ ಇದನ್ನು ಮಾಡಿದವರಿಲ್ಲ ಅಂತಲ್ಲ. ವಿಸ್ಲರ್ ತನ್ನ ಎಷ್ಟೋ ಪ್ರಿಂಟ್‌ಗಳ ಅಂಚನ್ನು ತಾನೇ ಕತ್ತರಿಸಿ, ಸಹಿಗೆ ಮಾತ್ರ ಕೆಳಗೆ ಒಂದು ಸಣ್ಣ ನಾಲಿಗೆ ಉಳಿಸಿ, ಅದರಲ್ಲಿ ಚಿಟ್ಟೆ ಬರೆಯುತ್ತಿದ್ದ. ತನ್ನ ಚಿತ್ರ, ತನ್ನ ಕತ್ತರಿ. ನಿಮ್ಮದರಲ್ಲಿ ಅಂಚು ಬಿಟ್ಟಿದ್ದಾರೆ, ಬಿಟ್ಟ ಹಾಗೇ ಇರಲಿ. ನೀಲಿ ಬಣ್ಣದ ವಿಷಯ ನಾನು ಮಾತಾಡಲ್ಲ, ನಿಮ್ಮ ಮಗನಿಗೆ ಈ ಉತ್ತರ ಓದಿಸಿ. ಬ್ರೆಡ್ಡು ಹಳೇ ಕಾಲದಲ್ಲಿ ನಿಜಕ್ಕೂ ಬಳಸುತ್ತಿದ್ದರು, ನಾದಿನಿ ಸುಳ್ಳು ಹೇಳಿಲ್ಲ. ಆದರೆ ಅದರ ಪುಡಿ, ಜಿಡ್ಡು ಕಾಗದದ ನಾರಿನಲ್ಲಿ ಉಳಿದು ಮುಂದಿನ ಮಳೆಗಾಲದಲ್ಲಿ ಬೂಸ್ಟಿಗೆ ಊಟ ಆಗುತ್ತೆ. ಉಜ್ಜಿದರೆ ಪೆನ್ಸಿಲ್ ಸಹಿಯೂ ಹೋಗಬಹುದು.

ಚುಕ್ಕೆ ತೆಗೆಸಬೇಕು ಅಂತಿದ್ದರೆ ಕಾಗದದ ಕೆಲಸ ಗೊತ್ತಿರುವ ಸಂರಕ್ಷಕರ ಹತ್ತಿರವೇ ಹೋಗಿ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆಗೂಡಿ ಇಂಟ್ಯಾಕ್ ಅನ್ನೋ ಪರಂಪರೆ ಉಳಿಸುವ ಸಂಸ್ಥೆ ನಡೆಸುವ ಸಂರಕ್ಷಣಾ ಕೇಂದ್ರ ಇದೆ. ಅಲ್ಲೂ ಅಪಾಯ ಸೊನ್ನೆ ಅಲ್ಲ. ನೀರಿನಲ್ಲಿ ತೊಳೆದರೆ ಎಣ್ಣೆ ಶಾಯಿ ಸಾಮಾನ್ಯವಾಗಿ ನಿಲ್ಲುತ್ತೆ, ಆದರೆ ಒಣಗಿಸುವಾಗ ಜಾಸ್ತಿ ಒತ್ತಿದರೆ ಪ್ಲೇಟ್ ಮಾರ್ಕ್ ಚಪ್ಪಟೆ ಆಗುತ್ತೆ. ಬ್ಲೀಚ್ ಮಾಡಿದರೆ ಚುಕ್ಕೆ ಹೋಗಿ, ಜೊತೆಗೆ ಕಾಗದದ ಹಳೇ ಕೆನೆ ಬಣ್ಣವೂ ಹೋಗಿ, ಆಕಾಶ ಟ್ಯೂಬ್‌ಲೈಟ್ ಥರ ಬೆಳ್ಳಗಾಗಬಹುದು. ‘ಬ್ಲೀಚ್ ಮಾಡ್ತೀರಾ?’ ಅಂತ ಮೊದಲೇ ಕೇಳಿ. ಚುಕ್ಕೆ ನಾಲ್ಕೈದೇ ಇದ್ದರೆ ನಾನಾದರೆ ಹಾಗೇ ಬಿಡುತ್ತಿದ್ದೆ, ಹೆಚ್ಚಾಗದಂತೆ ನೋಡಿಕೊಳ್ಳುತ್ತಿದ್ದೆ.

ಅಂದರೆ ಸರಿಯಾದ ಫ್ರೇಮ್ ಹಾಕಿಸೋದು. ಆಮ್ಲ ಇಲ್ಲದ ಬೋರ್ಡ್ ಕೇಳಿ, ಹಿಂದೆಯೂ ಮುಂದೆಯೂ. ಮುಂದಿನ ಬೋರ್ಡಿನ ಕಿಟಕಿ ಪ್ಲೇಟ್ ಮಾರ್ಕ್‌ನಿಂದ ಎರಡು ಬೆರಳು ಹೊರಗೇ ಇರಲಿ, ಸಹಿಯೂ ಕಾಣಲಿ. ಗಾಜು ಕಾಗದಕ್ಕೆ ತಾಗಬಾರದು, ತಾಗಿದರೆ ಮಳೆಗಾಲದಲ್ಲಿ ಅಂಟಿಕೊಳ್ಳುತ್ತೆ. ಸೆಲ್ಲೋಟೇಪ್, ಫೆವಿಕಾಲ್, ಲ್ಯಾಮಿನೇಷನ್ ಯಾವುದೂ ಬೇಡ, ಮೇಲಿನ ಅಂಚಿನಲ್ಲಿ ಎರಡು ಕಡೆ ಜಪಾನಿ ಕಾಗದದ ತುಂಡು, ಗೋಧಿ ಗಂಜಿಯ ಅಂಟು, ಅಷ್ಟೇ. ಫ್ರೇಮ್ ಅಂಗಡಿಯವರು ಮೂತಿ ತಿರುವಿದರೆ ತಿರುವಲಿ.

ಹಾಕುವ ಗೋಡೆ ಮನೆಯ ಒಳಗೋಡೆ ಆಗಿರಲಿ. ಮಳೆ ಹೊಡೆಯುವ ಹೊರಗೋಡೆ ಬೇಡ, ನೇರ ಬಿಸಿಲು ಬೀಳುವ ಕಡೆಯೂ ಬೇಡ, ಅಡುಗೆಮನೆ ಹೊಗೆ ಬರುವ ಕಡೆಯೂ ಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಒಮ್ಮೆ ಕೆಳಗಿಳಿಸಿ ಹಿಂಭಾಗ ಮುಟ್ಟಿ ನೋಡಿ, ತಣ್ಣಗೆ ಒದ್ದೆ ಅನ್ನಿಸಿದರೆ ಮಳೆ ಕಡಿಮೆ ಆಗುವವರೆಗೆ ಒಣಗಿದ ಕೋಣೆಯಲ್ಲಿ ನಿಲ್ಲಿಸಿಡಿ.

ಫ್ರೇಮ್ ಹಾಕಿಸುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು, ಕೈ ತೊಳೆದು ಒರೆಸಿಕೊಂಡು, ಕೋಣೆಯ ದೀಪ ಆರಿಸಿ ಫೋನಿನ ಟಾರ್ಚನ್ನು ಕಾಗದದ ಮಟ್ಟಕ್ಕೆ ಓರೆಯಾಗಿ ಹಿಡಿದು ನೋಡಿ. ಶಾಯಿಯ ಗೆರೆಗಳು ಕಾಗದದಿಂದ ಸ್ವಲ್ಪ ಉಬ್ಬಿ ನಿಂತಿರುತ್ತವೆ, ಗದ್ದೆ ಬದುವಿನ ಹಾಗೆ. ಗಾಜಿನ ಹಿಂದೆ ಹೋದ ಮೇಲೆ ಇದು ಮತ್ತೆ ಸಿಗಲ್ಲ. ಹಾಗೇ ಪ್ಲೇಟ್ ಮಾರ್ಕ್‌ನ ಬಲ ಮೂಲೆಯದೊಂದು ಫೋಟೊ ತೆಗೆದು ಕಳಿಸಿ. ಬೂದು ಎಲ್ಲಿ ನಿಂತಿದೆ ಅಂತ ಕಂಡರೆ ಕೊಳೆಯೋ ಟೋನೋ ನಾನೇ ಹೇಳ್ತೀನಿ.